ಗಿಗಾಹರ್ಟ್ಸ್ ಗಿಲೀಟಿಗೆ ಮರುಳಾಗಬೇಡಿ!

ಕನ್ನಡದ ಯುವಕ ಯುವತಿಯರೇ,

ಬೆಳ್ಳಗಿರುವುದೆಲ್ಲ ಹಾಲಲ್ಲ. ಅಂಕಿ ದೊಡ್ಡದಿರುವುದೆಲ್ಲ ವೇಗವೂ ಅಲ್ಲ!

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಕೊಳ್ಳಲು ನಿಂತ ನಮ್ಮ ಹುಡುಗರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಗಿಗಾಹರ್ಟ್ಸ್?" ಅಂಗಡಿಯವನಿಗೆ ಅಷ್ಟು ಸಾಕು. ಮೂರು ಎಂದವನಿಗೆ ನಾಲ್ಕರದ್ದು ತೋರಿಸುತ್ತಾನೆ, ನಾಲ್ಕು ಎಂದವನಿಗೆ ಐದರದ್ದು. ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿ ಕೊಟ್ಟ ದುಡ್ಡು ಒಂದು ಅಂಕಿಯ ಹಿಂದೆ ಓಡಿಹೋಗುತ್ತದೆ. ಆ ಅಂಕಿ ಏನನ್ನು ಅಳೆಯುತ್ತದೆ ಎಂದು ಕೇಳಿ ನೋಡಿ. ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಗೊತ್ತಿರುವುದು ಅದನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿದವನಿಗೆ ಮಾತ್ರ!

ನಾನು ಎಂಜಿನಿಯರ್ ಅಲ್ಲ. ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಆದರೆ ಅಂಕಿಯ ಆಸೆ ತೋರಿಸಿ ಯಂತ್ರ ಮಾರುವವರನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಆಫ್‌ಸೆಟ್ ಯಂತ್ರ ಮಾರುವವನು ಬಂದರೆ ಅವನ ಬಾಯಲ್ಲಿ ಬರುವ ಮೊದಲ ಮಾತು "ಗಂಟೆಗೆ ಇಷ್ಟು ಸಾವಿರ ಇಂಪ್ರೆಷನ್ ಸಾರ್!" ಯಾವ ಪ್ರೆಸ್ಸಿನವನೂ ಆ ಮಾತಿಗೆ ಚೆಕ್ ಬರೆಯುವುದಿಲ್ಲ. ಪ್ಲೇಟ್ ಬದಲಿಸಲು ಎಷ್ಟು ಹೊತ್ತು? ಕಲರ್ ಸರಿಯಾಗಿ ಕೂರುವವರೆಗೆ ಎಷ್ಟು ಹಾಳೆ ವೇಸ್ಟು? ಮೋಟರ್ ಎಷ್ಟು ಕರೆಂಟ್ ತಿನ್ನುತ್ತದೆ? ಸಂಜೆ ಬಾಗಿಲು ಹಾಕುವಾಗ ಗಿರಾಕಿಗೆ ಕೊಡಬಹುದಾದ ಒಳ್ಳೆಯ ಹಾಳೆ ಎಷ್ಟು? ಇಷ್ಟು ಕೇಳಿದ ಮೇಲೆಯೇ ಬೆಲೆಯ ಮಾತು. ಸಿಲಿಂಡರ್ ಎಷ್ಟು ಜೋರಾಗಿ ತಿರುಗಿತು ಎನ್ನುವುದು ಕೆಲಸದ ಲೆಕ್ಕವಲ್ಲ. ಎಷ್ಟು ಹಾಳೆ ಬಂತು ಎನ್ನುವುದು ಲೆಕ್ಕ.

ಕಂಪ್ಯೂಟರ್ ಚಿಪ್ ಕೂಡ ಒಂದು ಯಂತ್ರವೇ ಗೆಳೆಯರೇ. ಗಿಗಾಹರ್ಟ್ಸ್ ಎಂದರೆ ಅದರ ಸಿಲಿಂಡರ್ ತಿರುಗುವ ವೇಗ, ಅಷ್ಟೇ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಒಂದೊಂದು ಮಿಡಿತಕ್ಕೆ ಎಷ್ಟು ಕೆಲಸ ಆಗುತ್ತದೆ? ಅದಕ್ಕೆ ಎಷ್ಟು ವಿದ್ಯುತ್ತು ಉರಿಯುತ್ತದೆ? ಈ ಎರಡು ಪ್ರಶ್ನೆಯನ್ನು ಮುಚ್ಚಿಟ್ಟು ಬರೀ ಮಿಡಿತ ಎಣಿಸಿ ಮಾರಿದ್ದೇ ಈ ಉದ್ಯಮದ ಅತಿ ದೊಡ್ಡ ಬೊಗಳೆ. ಇಂಟೆಲ್ ಮತ್ತು ಎಎಂಡಿ ಎಂಬ ಎರಡು ಕಂಪನಿಗಳ ಜಿದ್ದಿನ ಕಥೆ ಕೇಳಿ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಮೂರನೆಯವರು ನಾವು. ಲಾಭ ಯಾವಾಗ ಆಯಿತು, ಟೋಪಿ ಯಾವಾಗ ಬಿತ್ತು, ನೀವೇ ತೀರ್ಮಾನಿಸಿ.

ದಾಯಾದಿಗಳ ಜಗಳ

ಇಂಟೆಲ್ ಹುಟ್ಟಿದ್ದು 1968ರಲ್ಲಿ. ಎಎಂಡಿ ಹುಟ್ಟಿದ್ದು 1969ರಲ್ಲಿ. ಎರಡನ್ನೂ ಕಟ್ಟಿದವರು ಅಮೆರಿಕದ ಫೇರ್‌ಚೈಲ್ಡ್ ಎಂಬ ಒಂದೇ ಕಂಪನಿಯಿಂದ ಹೊರಬಂದವರು. ಅಂದರೆ ದಾಯಾದಿಗಳು! 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ಬಿಟ್ಟಾಗ ಅದರೊಳಗೆ ಇದ್ದದ್ದು ಇಂಟೆಲ್‌ನ 8088. ವೇಗ 4.77 ಮೆಗಾಹರ್ಟ್ಸ್. ಒಬ್ಬನನ್ನೇ ನಂಬಿ ಕೂರಲು ಐಬಿಎಂ ಒಪ್ಪಲಿಲ್ಲ, ಇನ್ನೊಬ್ಬ ತಯಾರಕನೂ ಬೇಕು ಎಂದಿತು. ಹಾಗೆ 1982ರ ಒಪ್ಪಂದದಿಂದ ಎಎಂಡಿಗೆ ಇಂಟೆಲ್‌ನ ಚಿಪ್ಪುಗಳನ್ನು ತಾನೂ ತಯಾರಿಸುವ ಹಕ್ಕು ಸಿಕ್ಕಿತು. ದೊಡ್ಡ ಗಿರಾಕಿಯ ಬುದ್ಧಿ ನೋಡಿ! ಪೈಪೋಟಿಯನ್ನು ತಾನೇ ಹುಟ್ಟಿಸಿದ.

ಇಂಟೆಲ್‌ಗೆ ಇದು ಹಿಡಿಸಲಿಲ್ಲ. 386 ಚಿಪ್ ಬಂದಾಗ ಹಂಚಿಕೊಳ್ಳಲು ಒಪ್ಪಲಿಲ್ಲ. ಕೋರ್ಟು, ಕಚೇರಿ, ವಕೀಲರು ಎಂದು ವರ್ಷಗಟ್ಟಲೆ ನಡೆಯಿತು. 1991ರಲ್ಲಿ ಎಎಂಡಿ ತನ್ನದೇ 386 ತಂದಿತು. ಇಂಟೆಲ್‌ನ 386 ಓಡುತ್ತಿದ್ದದ್ದು ಹೆಚ್ಚೆಂದರೆ 33 ಮೆಗಾಹರ್ಟ್ಸ್. ಎಎಂಡಿಯದ್ದು 40! ಅಂಕಿಯ ಕುದುರೆ ಓಟ ಬಿರುಸಾದದ್ದು ಇಲ್ಲಿಂದ.

ಬರೀ ಅಂಕಿಯನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಆಗುವುದಿಲ್ಲ ಎಂದು ಅಮೆರಿಕದ ಕೋರ್ಟು ಹೇಳಿದ ಮೇಲೆ ಇಂಟೆಲ್ 586 ಎಂಬ ಹೆಸರನ್ನೇ ಕೈಬಿಟ್ಟಿತು. 1993ರಲ್ಲಿ ಬಂದದ್ದು ಪೆಂಟಿಯಂ. 1991ರಲ್ಲೇ "ಇಂಟೆಲ್ ಇನ್‌ಸೈಡ್" ಪ್ರಚಾರ ಶುರುವಾಗಿತ್ತು. ಸೋಪು, ಟೂತ್‌ಪೇಸ್ಟ್ ಮಾರುವ ಹಾಗೆ ಚಿಪ್ ಮಾರುವ ಕಾಲ ಬಂತು. ಜನರಿಗೆ ಕಲಿಸಿದ ಪಾಠ ಎರಡೇ: ನಮ್ಮ ಹೆಸರು ನೋಡು, ದೊಡ್ಡ ಅಂಕಿ ನೋಡು. ಮೂರನೆಯ ಪಾಠ ಕಲಿಸಲಿಲ್ಲ. ಕಲಿಸಿದ್ದರೆ ವ್ಯಾಪಾರ ಕೆಡುತ್ತಿತ್ತು!

ಎರಡು ದಿನದ ಸೋಲು, ಒಂದು ತಿಂಗಳ ಮಾನ

2000ನೇ ಇಸವಿ ಮಾರ್ಚ್ 6. ಎಎಂಡಿ 1 ಗಿಗಾಹರ್ಟ್ಸ್ ಅಥ್ಲಾನ್ ಬಿಡುಗಡೆ ಮಾಡಿತು. ಎರಡೇ ದಿನ ಬಿಟ್ಟು, ಮಾರ್ಚ್ 8ಕ್ಕೆ, ಇಂಟೆಲ್ ತನ್ನ 1 ಗಿಗಾಹರ್ಟ್ಸ್ ಪೆಂಟಿಯಂ 3 ಪ್ರಕಟಿಸಿತು. ಎರಡು ದಿನ ತಡವಾದ ಅವಮಾನ ಇಂಟೆಲ್‌ಗೆ ಸಹಿಸಲಾಗಲಿಲ್ಲ. ಅದೇ ಜುಲೈ ಕೊನೆಗೆ 1.13 ಗಿಗಾಹರ್ಟ್ಸ್ ಪೆಂಟಿಯಂ 3 ಎಂದು ಅವಸರದಲ್ಲಿ ಹೊರಗೆ ಬಿಟ್ಟಿತು. ಕೆಲವು ಕೆಲಸಗಳಲ್ಲಿ ಆ ಚಿಪ್ ತಪ್ಪುತ್ತದೆ ಎಂದು ಪರೀಕ್ಷಿಸಿದವರು ತೋರಿಸಿಕೊಟ್ಟರು. ಒಂದು ತಿಂಗಳೊಳಗೆ ಮರಳಿ ಪಡೆಯಬೇಕಾಯಿತು!

ಗಮನಿಸಿ ಗೆಳೆಯರೇ. ಗಿರಾಕಿ ಯಾರೂ ಬಂದು "ನನಗೆ 1.13 ಬೇಕೇ ಬೇಕು" ಎಂದು ಅತ್ತಿರಲಿಲ್ಲ. ದಾಯಾದಿಯ ಮುಂದೆ ಮೀಸೆ ತಿರುವಲು ಮಾಡಿದ ಕೆಲಸ ಅದು.

ಪೆಂಟಿಯಂ 4 ಎಂಬ ಮಹಾ ನಾಟಕ

ಅಸಲಿ ನಾಟಕ ಶುರುವಾದದ್ದು 2000ದ ನವೆಂಬರಿನಲ್ಲಿ. 1.4 ಮತ್ತು 1.5 ಗಿಗಾಹರ್ಟ್ಸ್ ವೇಗದ ಪೆಂಟಿಯಂ 4 ಬಂತು. ಅಂಕಿ ನೋಡಿದರೆ ಪೆಂಟಿಯಂ 3ಕ್ಕಿಂತ ಅರ್ಧಪಟ್ಟು ಜಾಸ್ತಿ. ಕೆಲಸ? ಎಷ್ಟೋ ಪರೀಕ್ಷೆಗಳಲ್ಲಿ ಹಳೆಯ 1 ಗಿಗಾಹರ್ಟ್ಸ್ ಪೆಂಟಿಯಂ 3ರ ಮುಂದೆಯೇ ಏದುಸಿರು ಬಿಟ್ಟಿತು!

ಇದು ಹೇಗೆ ಸಾಧ್ಯ? ಪ್ರೆಸ್ಸಿನ ಭಾಷೆಯಲ್ಲಿ ಹೇಳುತ್ತೇನೆ ಕೇಳಿ. ಒಂದು ಪುಸ್ತಕ ಆಗಬೇಕಾದರೆ ಹಾಳೆ ಕತ್ತರಿಸಬೇಕು, ಅಚ್ಚಾಗಬೇಕು, ಮಡಚಬೇಕು, ಜೋಡಿಸಬೇಕು, ಹೊಲಿಯಬೇಕು, ಅಂಚು ಕತ್ತರಿಸಬೇಕು. ಈ ಕೆಲಸಕ್ಕೆ ಹತ್ತು ಮೇಜು ಹಾಕಿ ಹತ್ತು ಜನರನ್ನು ನಿಲ್ಲಿಸಿ. ಗಂಟೆ ಬಾರಿಸಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಕೆಲಸ ಮುಂದಿನ ಮೇಜಿಗೆ ತಳ್ಳಬೇಕು. ಚಿಪ್ಪಿನ ಒಳಗೂ ನಡೆಯುವುದು ಇದೇ. ಅದಕ್ಕೆ ಪೈಪ್‌ಲೈನ್ ಎನ್ನುತ್ತಾರೆ. ಈಗ ಹತ್ತು ಮೇಜಿನ ಕೆಲಸವನ್ನು ಇಪ್ಪತ್ತು ಮೇಜಿಗೆ ಚೂರು ಚೂರು ಮಾಡಿ ಹಂಚಿ. ಒಬ್ಬೊಬ್ಬನ ಕೆಲಸ ಚಿಕ್ಕದಾಯಿತು. ಗಂಟೆಯನ್ನು ಬೇಗ ಬೇಗ ಬಾರಿಸಬಹುದು. ಹೊರಗೆ ನಿಂತು ಗಂಟೆ ಎಣಿಸುವವನಿಗೆ "ಅಬ್ಬಾ, ಏನು ವೇಗ!" ಅನಿಸುತ್ತದೆ. ಆದರೆ ತಪ್ಪು ಫಾರಂ ಒಳಗೆ ಹೋಯಿತು ಎಂದಿಟ್ಟುಕೊಳ್ಳಿ. ಇಪ್ಪತ್ತು ಮೇಜಿನ ಮೇಲಿರುವುದನ್ನೂ ಎಸೆದು ಮೊದಲಿನಿಂದ ಶುರು ಮಾಡಬೇಕು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ "ಹೀಗಾದರೆ ಈ ದಾರಿ, ಹಾಗಾದರೆ ಆ ದಾರಿ" ಎಂಬ ಕವಲುಗಳು ಹೆಜ್ಜೆ ಹೆಜ್ಜೆಗೂ ಬರುತ್ತವೆ. ಚಿಪ್ ಯಾವ ದಾರಿ ಎಂದು ಮೊದಲೇ ಊಹಿಸಿ ಕೆಲಸ ಶುರು ಮಾಡಿರುತ್ತದೆ. ಊಹೆ ತಪ್ಪಿದರೆ ಎಲ್ಲ ವೇಸ್ಟು!

ಪೆಂಟಿಯಂ 3ರಲ್ಲಿ ಇದ್ದದ್ದು ಸುಮಾರು 10 ಹಂತ. ಪೆಂಟಿಯಂ 4ರಲ್ಲಿ 20. 2004ರಲ್ಲಿ ಪ್ರೆಸ್ಕಾಟ್ ಎಂಬ ಹೆಸರಿನ ಪೆಂಟಿಯಂ 4 ಬಂದಾಗ 31! ಹಂತ ಹೆಚ್ಚಿಸಿದರೆ ಗಂಟೆ ಹೆಚ್ಚು ಬಾರಿಸಬಹುದು. ಗಂಟೆ ಹೆಚ್ಚು ಬಾರಿಸಿದರೆ ಅಂಕಿ ದೊಡ್ಡದಾಗುತ್ತದೆ. ಅಂಕಿ ದೊಡ್ಡದಾದರೆ ಜನ ಕೊಳ್ಳುತ್ತಾರೆ. ಮಾರಾಟದವರಿಗೆ ಇದಕ್ಕಿಂತ ಒಳ್ಳೆಯ ಚಿಪ್ ಬೇಕೆ?

ಎಎಂಡಿಯ ಅಥ್ಲಾನ್ ಒಂದು ಮಿಡಿತಕ್ಕೆ ಹೆಚ್ಚು ಕೆಲಸ ಮಾಡುತ್ತಿತ್ತು. ಆದರೆ ಅಂಕಿ ಚಿಕ್ಕದು. ಏನು ಮಾಡಿದರು ಗೊತ್ತೇ? 2001ರ ಅಕ್ಟೋಬರಿನಲ್ಲಿ ಅಥ್ಲಾನ್ ಎಕ್ಸ್‌ಪಿ ತಂದಾಗ 1.53 ಗಿಗಾಹರ್ಟ್ಸ್ ಚಿಪ್ಪಿಗೆ "1800+" ಎಂದು ಹೆಸರಿಟ್ಟರು! ತಮ್ಮದೇ ಹಳೆಯ ಅಥ್ಲಾನ್ ಜೊತೆ ಹೋಲಿಸಿದ ಅಂಕಿ ಎಂದು ಸಮಜಾಯಿಷಿ ಕೊಟ್ಟರು. ಪೆಂಟಿಯಂ 4ರ ಪಕ್ಕ ನಿಲ್ಲಿಸಲು ಹಾಕಿದ ಅಂಕಿ ಎಂದು ಇಡೀ ಮಾರುಕಟ್ಟೆಗೆ ಗೊತ್ತಿತ್ತು. ಒಳ್ಳೆಯ ಸರಕು ಮಾಡಿದವನೂ ಅಂಕಿಯ ವೇಷ ಹಾಕದೆ ಬದುಕಲಾಗದ ಸ್ಥಿತಿ ತಂದವರು ಯಾರು? ಬರೀ ಅಂಕಿ ಕೇಳಿದ ಗಿರಾಕಿಗಳು!

ಅಮೆರಿಕದ ಗಿರಾಕಿಗಳು ಸುಮ್ಮನೆ ಕೂರಲಿಲ್ಲ. ಪೆಂಟಿಯಂ 4 ವೇಗವಾಗಿ ಕಾಣುವಂತೆ ಪರೀಕ್ಷೆಯ ಅಂಕಗಳನ್ನೇ ತಿರುಚಲಾಗಿದೆ ಎಂದು ಇಂಟೆಲ್ ಮೇಲೆ ಕೋರ್ಟಿಗೆ ಹೋದರು. ಇಂಟೆಲ್ ಆರೋಪ ಒಪ್ಪಲಿಲ್ಲ, ಆದರೆ 2014ರಲ್ಲಿ ರಾಜಿಗೆ ಬಂತು. 2000ದ ನವೆಂಬರಿನಿಂದ 2002ರ ಜೂನ್ ವರೆಗೆ ಪೆಂಟಿಯಂ 4 ಕೊಂಡವರಿಗೆ ತಲಾ 15 ಡಾಲರ್! ಹದಿನಾಲ್ಕು ವರ್ಷದ ಹಿಂದಿನ ಟೋಪಿಗೆ 15 ಡಾಲರ್. ಅದೂ ಅಮೆರಿಕದವರಿಗೆ ಮಾತ್ರ. ಅದೇ ಚಿಪ್ಪನ್ನು ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮಂಗಳೂರಿನಲ್ಲಿ ಕೊಂಡವರಿಗೆ? ಚಿಕ್ಕಾಸೂ ಇಲ್ಲ. ಕೇಳಿದವರಿಗೆ ಹದಿನೈದು ಡಾಲರ್, ಕೇಳದವರಿಗೆ ಮೂರು ನಾಮ!

ಬೆಂಕಿ ಬಿದ್ದದ್ದು ಎಲ್ಲಿ?

ಅಂಕಿಯ ಓಟಕ್ಕೆ ಕಡಿವಾಣ ಹಾಕಿದ್ದು ಕಾನೂನಲ್ಲ, ನೀತಿಯಲ್ಲ. ಶಾಖ!

ಲೆಕ್ಕ ಸರಳವಾಗಿದೆ. ಚಿಪ್ ತಿನ್ನುವ ವಿದ್ಯುತ್ತು ಮಿಡಿತದ ವೇಗದ ಜೊತೆ ಏರುತ್ತದೆ. ಆದರೆ ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಮಿಡಿತವನ್ನು ಮಿತಿಮೀರಿ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ವೇಗ 10 ಶೇಕಡಾ, ವೋಲ್ಟೇಜ್ 10 ಶೇಕಡಾ ಏರಿಸಿದರೆ ವಿದ್ಯುತ್ತು 33 ಶೇಕಡಾ ಏರುತ್ತದೆ. ನಿಮಗೆ ಸಿಕ್ಕಿದ್ದು ಹತ್ತು, ನೀವು ತೆತ್ತದ್ದು ಮೂವತ್ತಮೂರು! ಇದರ ಮೇಲೆ ಇನ್ನೊಂದು ಪೀಡೆ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ, ಮುಚ್ಚಿದ ನಲ್ಲಿಯಿಂದ ನೀರು ತೊಟ್ಟಿಕ್ಕುವ ಹಾಗೆ, ಸುಮ್ಮನಿದ್ದಾಗಲೂ ಕರೆಂಟು ಸೋರತೊಡಗಿತು. ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರಲೇಬೇಕು.

ಇದು ಕಂಪನಿಯವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಇಂಟೆಲ್‌ನ ಹಿರಿಯ ತಂತ್ರಜ್ಞ ಪ್ಯಾಟ್ ಗೆಲ್ಸಿಂಗರ್ 2001ರಲ್ಲೇ ತಜ್ಞರ ಸಮ್ಮೇಳನದಲ್ಲಿ ಎಚ್ಚರಿಸಿದ್ದರು. ಹೀಗೇ ಹೋದರೆ ಚಿಪ್ಪಿನ ಮೇಲ್ಮೈಯ ಶಾಖ ಅಣುಸ್ಥಾವರಕ್ಕೆ ಸಮವಾಗುತ್ತದೆ, ಆಮೇಲೆ ರಾಕೆಟ್ಟಿನ ಬಾಯಿಗೆ, ಆಮೇಲೆ ಸೂರ್ಯನ ಮೈಗೆ ಎಂದು. ಹೇಳಿದವರು ಒಳಮನೆಯವರೇ. ಆದರೂ ಓಟ ನಿಲ್ಲಲಿಲ್ಲ. 2004ರ ಕೊನೆಗೆ ಬಂದ 3.8 ಗಿಗಾಹರ್ಟ್ಸ್ ಪೆಂಟಿಯಂ 4ಕ್ಕೆ ಕಂಪನಿಯೇ ಕೊಟ್ಟ ಶಾಖದ ಲೆಕ್ಕ 115 ವ್ಯಾಟ್. ನೂರು ವ್ಯಾಟಿನ ಹಳೆಯ ಬಲ್ಬನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಇಲ್ಲಿ ಅದಕ್ಕಿಂತ ಹೆಚ್ಚಿನ ಶಾಖ ಒಂದು ಉಗುರಗಲದ ತುಣುಕಿನಿಂದ!

ಕೊನೆಗೆ ಏನಾಯಿತು? 2004ರ ಮೇ ತಿಂಗಳಲ್ಲಿ ಮುಂದಿನ ಚಿಪ್ ಟೇಜಸ್ ಯೋಜನೆಯನ್ನು ಇಂಟೆಲ್ ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ಬರುವುದಿಲ್ಲ ಎಂದು ಪ್ರಕಟಿಸಿತು. ಅದೇ ತಿಂಗಳು ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಾವಿರಾರು ಜನರ ಮುಂದೆ, ವೇದಿಕೆಯ ಮೇಲೆ, ತಮಾಷೆಗೆಂಬಂತೆ ಮೊಣಕಾಲೂರಿ ಕ್ಷಮೆ ಕೇಳಿದರು! ಅದೇ ವರ್ಷ ಇಂಟೆಲ್ ತನ್ನ ಚಿಪ್ಪುಗಳ ಹೆಸರಿನಿಂದ ಗಿಗಾಹರ್ಟ್ಸ್ ತೆಗೆದುಹಾಕಿ ಮಾದರಿ ಸಂಖ್ಯೆ ಇಟ್ಟಿತು. ಹದಿಮೂರು ವರ್ಷ ಜಗತ್ತಿಗೆ ಅಂಕಿ ಮಂತ್ರ ಕಲಿಸಿದ ಗುರುವೇ ಜನಿವಾರ ಹರಿದು ಬಿಸಾಕಿದ. ಶಿಷ್ಯರು ಮಾತ್ರ ಎಸ್.ಪಿ. ರಸ್ತೆಯಲ್ಲಿ ಇನ್ನೂ ಜಪ ಮಾಡುತ್ತಿದ್ದಾರೆ!

ಗೆದ್ದದ್ದು ಆಮೆ

ಇದೇ ಹೊತ್ತಿನಲ್ಲಿ ಇಸ್ರೇಲಿನ ಹೈಫಾದಲ್ಲಿದ್ದ ಇಂಟೆಲ್ ತಂಡವೊಂದು ಬೇರೆ ದಾರಿ ಹಿಡಿದಿತ್ತು. ಅವರ ಕೆಲಸ ಲ್ಯಾಪ್‌ಟಾಪಿಗೆ ಚಿಪ್ ಮಾಡುವುದು. ಲ್ಯಾಪ್‌ಟಾಪಿನಲ್ಲಿ ಬೊಗಳೆ ನಡೆಯುವುದಿಲ್ಲ. ಬ್ಯಾಟರಿ ಮುಗಿದರೆ ಮುಗಿಯಿತು. 2003ರ ಮಾರ್ಚಿನಲ್ಲಿ ಅವರು ಕೊಟ್ಟ ಪೆಂಟಿಯಂ ಎಂ ಚಿಪ್ಪಿನ ವೇಗ 1.6 ಗಿಗಾಹರ್ಟ್ಸ್, ಶಾಖ ಸುಮಾರು 25 ವ್ಯಾಟ್. ಕೆಲಸದಲ್ಲಿ ಮಾತ್ರ ತನಗಿಂತ ಎಷ್ಟೋ ದೊಡ್ಡ ಅಂಕಿಯ ಪೆಂಟಿಯಂ 4ಗಳಿಗೆ ಸಮನಾಗಿ ನಿಂತಿತು.

ಆ ಬೇರಿನಿಂದಲೇ 2006ರ ಜುಲೈನಲ್ಲಿ ಕೋರ್ 2 ಡ್ಯುಯೊ ಬಂತು. ಹೆಚ್ಚಿನ ಮಾದರಿಗಳ ವೇಗ 1.86ರಿಂದ 2.67 ಗಿಗಾಹರ್ಟ್ಸ್. ಶಾಖ 65 ವ್ಯಾಟ್. 3.8ರ ಪೆಂಟಿಯಂ 4ನ್ನು ಅದು ಮನೆಗೆ ಕಳಿಸಿತು. ಅಂಕಿ ಚಿಕ್ಕದು, ಕರೆಂಟು ಕಡಿಮೆ, ಕೆಲಸ ಜಾಸ್ತಿ! ಹಾಗಾದರೆ ಅದಕ್ಕೂ ಮುಂಚಿನ ಆರು ವರ್ಷ ಜನ ತೆತ್ತ ದುಡ್ಡು, ಉರಿಸಿದ ಕರೆಂಟು ಯಾರ ಲೆಕ್ಕಕ್ಕೆ?

ಎಎಂಡಿಯವರೂ ಸಾಧುಗಳಲ್ಲ

ಇಷ್ಟು ಓದಿ ಕೆಲವು ಹುಡುಗರು ಕುಣಿದಾಡಬಹುದು. "ನೋಡಿ, ನಮ್ಮ ಎಎಂಡಿ ಮೊದಲಿನಿಂದಲೂ ಸರಿ!" ನಿಲ್ಲಿ. ಸಿನಿಮಾ ನಟರ ಕಟೌಟಿಗೆ ಹಾಲೆರೆಯುವ ಹಾಗೆ ಚಿಪ್ ಕಂಪನಿಗಳಿಗೂ ಅಭಿಮಾನಿ ಸಂಘ ಕಟ್ಟಿಕೊಂಡು ಕಿತ್ತಾಡುವವರನ್ನು ನೋಡಿದ್ದೇನೆ. ಇವರಿಗೆ ಹೇಳುವುದು ಇಷ್ಟೇ.

2011ರಲ್ಲಿ ಎಎಂಡಿ ಬುಲ್ಡೋಜರ್ ತಂದಿತು. 8 ಕೋರ್ ಎಂದು ಡಂಗುರ ಸಾರಿದರು. ಒಳಗೆ ನೋಡಿದರೆ ಎರಡೆರಡು ಕೋರ್‌ಗಳಿಗೆ ದಶಾಂಶದ ಲೆಕ್ಕ ಮಾಡುವ ಘಟಕ ಒಂದೇ, ಹಂಚಿಕೊಂಡು ಉಣ್ಣಬೇಕು. ಇಂಟೆಲ್‌ನ ನಾಲ್ಕು ಕೋರ್ ಚಿಪ್ಪುಗಳು ಬಹಳಷ್ಟು ಕೆಲಸಗಳಲ್ಲಿ ಅದನ್ನು ಹಿಂದೆ ಹಾಕಿದವು. ಸೋತವರು ಏನು ಮಾಡಿದರು? ಹಳೆಯ ಗಿಲೀಟನ್ನೇ ಬಳಿದರು! 2013ರಲ್ಲಿ ಎಫ್‌ಎಕ್ಸ್ 9590 ಎಂಬ ಚಿಪ್ ತಂದು "5 ಗಿಗಾಹರ್ಟ್ಸ್!" ಎಂದು ಕೂಗಿದರು. ಅದರ ಶಾಖ 220 ವ್ಯಾಟ್. ಇಂಟೆಲ್ ಬಿಸಾಕಿದ ಜನಿವಾರವನ್ನು ಎಎಂಡಿ ಎತ್ತಿ ಹಾಕಿಕೊಂಡಿತು. ಕೋರ್ ಎಣಿಕೆಯ ಮೇಲೆ ಅಮೆರಿಕದಲ್ಲಿ ಕೇಸಾಯಿತು. 2019ರಲ್ಲಿ ಎಎಂಡಿ ತಪ್ಪು ಒಪ್ಪದೆಯೇ 1.21 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು.

ಹಾಗೆಂದು ಪೈಪೋಟಿಯೇ ಬೇಡ ಎನ್ನುತ್ತಿಲ್ಲ. ಪೈಪೋಟಿ ಸತ್ತರೆ ಏನಾಗುತ್ತದೆ ಎಂದೂ ನೋಡಿದ್ದೇವೆ. ಕಂಪ್ಯೂಟರ್ ತಯಾರಕರಿಗೆ ರಿಯಾಯಿತಿಯ ಆಮಿಷ ತೋರಿಸಿ, ದುಡ್ಡು ಕೊಟ್ಟು, ಎಎಂಡಿಯನ್ನು ದೂರ ಇಡಿಸಿದರು ಎಂದು ಯುರೋಪಿಯನ್ ಆಯೋಗ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಅದೇ ವರ್ಷ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು. ಯುರೋಪಿನ ಆ ದಂಡವನ್ನು 2022ರಲ್ಲಿ ಅಲ್ಲಿನ ಕೋರ್ಟು ರದ್ದು ಮಾಡಿತು. ದುಡ್ಡು ಕೊಟ್ಟು ಎಎಂಡಿ ಸರಕನ್ನು ತಡೆಸಿದ ಭಾಗಕ್ಕೆ ಮಾತ್ರ 2023ರಲ್ಲಿ ಆಯೋಗ ಸುಮಾರು 37.6 ಕೋಟಿ ಯೂರೋ ಮತ್ತೆ ವಿಧಿಸಿತು. ಕೋರ್ಟಿನ ಮಾತು ಕೋರ್ಟಿಗಿರಲಿ. ಮಾರುಕಟ್ಟೆಯ ಮಾತು ಕೇಳಿ. 2007ರಲ್ಲಿ ಸಾಮಾನ್ಯ ಜನರ ಡೆಸ್ಕ್‌ಟಾಪಿಗೆ ಇಂಟೆಲ್ ಕೊಟ್ಟದ್ದು 4 ಕೋರ್. 2017ರ ಶುರುವಿನಲ್ಲೂ ಆ ದರ್ಜೆಯ ಅತ್ಯುತ್ತಮ ಚಿಪ್ಪಿನಲ್ಲಿ ಅದೇ 4 ಕೋರ್! ಹತ್ತು ವರ್ಷ ನಿಂತ ನೀರು. 2017ರ ಮಾರ್ಚಿನಲ್ಲಿ ಎಎಂಡಿ 8 ಕೋರಿನ ರೈಜನ್ ತಂದದ್ದೇ ತಡ, ಅಕ್ಟೋಬರಿಗೆ ಇಂಟೆಲ್‌ಗೆ 6 ಕೋರ್ ನೆನಪಾಯಿತು!

ಅಂದರೆ ಪೈಪೋಟಿ ಬೇಕು. ಆದರೆ ಯಾವುದರ ಮೇಲೆ ಪೈಪೋಟಿ? ಅದನ್ನು ತೀರ್ಮಾನಿಸುವವರು ಕೊಳ್ಳುವವರು. ಅಂಕಿ ಕೇಳಿದರೆ ಅಂಕಿಯ ಪೈಪೋಟಿ. ಕೆಲಸ ಕೇಳಿದರೆ ಕೆಲಸದ ಪೈಪೋಟಿ.

ಬುದ್ಧಿ ಬಂತೇ? ಇಲ್ಲ!

2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ವೇಗ 3.2 ಗಿಗಾಹರ್ಟ್ಸ್ ಅಷ್ಟೇ. ಅದನ್ನು ಹಾಕಿದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ! ಅದರ ಹಿಂದಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ 1985ರಲ್ಲಿ ಹುಟ್ಟಿದ ಆರ್ಮ್ ಪರಂಪರೆ. ನಿಮ್ಮ ಜೇಬಿನ ಮೊಬೈಲಿನಲ್ಲಿರುವುದೂ ಅದೇ ಪರಂಪರೆಯ ಚಿಪ್. ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುವ ಚಿಪ್ಪಿಗೆ ಜಗತ್ತೇ ಶಿಳ್ಳೆ ಹೊಡೆಯಿತು.

ಆಗಲಾದರೂ ಪಾಠ ಕಲಿತರೇ? 2023ರ ಜನವರಿಯಲ್ಲಿ ಇಂಟೆಲ್ 6 ಗಿಗಾಹರ್ಟ್ಸ್ ಮುಟ್ಟುವ ಚಿಪ್ ತಂದಿತು. 2024ರ ಮಾರ್ಚಿನಲ್ಲಿ 6.2! ಅದೇ ಪೀಳಿಗೆಯ ಐ9 14900ಕೆ ಚಿಪ್ಪಿಗೆ ಕಾಗದದ ಮೇಲೆ ಎರಡು ಲೆಕ್ಕ: ಮೂಲ 125 ವ್ಯಾಟ್, ಗರಿಷ್ಠ 253 ವ್ಯಾಟ್. ಎಎಂಡಿಯೂ ಹಿಂದೆ ಬೀಳಲಿಲ್ಲ. 2022ರ ರೈಜನ್ 9 7950ಎಕ್ಸ್ ಡಬ್ಬಿಯ ಲೆಕ್ಕ 170 ವ್ಯಾಟ್, ಎಳೆಯಲು ಬಿಟ್ಟಿದ್ದು 230 ವ್ಯಾಟ್.

2024ರಲ್ಲಿ ಬಂಡವಾಳ ಬಯಲಾಯಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳು ಕೆಲಸದ ನಡುವೆ ಕೈಕೊಡುತ್ತಿವೆ ಎಂದು ಜಗತ್ತಿನಾದ್ಯಂತ ದೂರು ಬಂತು. ಕಾರಣ? ಅತಿಯಾದ ವೋಲ್ಟೇಜ್ ಎಂದು ಕಂಪನಿಯೇ ಒಪ್ಪಿತು. ಆಗಸ್ಟಿನಲ್ಲಿ ಸರಿಪಡಿಸುವ ಮೈಕ್ರೋಕೋಡ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದ ಚಿಪ್ಪನ್ನು ಮೈಕ್ರೋಕೋಡ್ ರಿಪೇರಿ ಮಾಡುವುದಿಲ್ಲ! ಆ ಹೊತ್ತಿನಲ್ಲಿ ಇಂಟೆಲ್‌ನ ಮುಖ್ಯಸ್ಥರು ಯಾರಿದ್ದರು ಗೊತ್ತೇ? 2001ರಲ್ಲಿ ಅಣುಸ್ಥಾವರದ ಎಚ್ಚರಿಕೆ ಕೊಟ್ಟಿದ್ದ ಅದೇ ಪ್ಯಾಟ್ ಗೆಲ್ಸಿಂಗರ್! 2021ರಿಂದ 2024ರ ಡಿಸೆಂಬರ್ ವರೆಗೆ ಆ ಕುರ್ಚಿಯಲ್ಲಿದ್ದವರು ಅವರು. ಅಂಕಿಯ ಹಸಿವು ಎಂಥದ್ದು ಎಂದರೆ, ಬೆಂಕಿ ಬೀಳುತ್ತದೆ ಎಂದು ಕೂಗಿದವನ ಕೈಯಲ್ಲೇ ಪಂಜು ಹಿಡಿಸುತ್ತದೆ.

ಮೊಬೈಲ್ ಯುಗದ ಹುಡುಗರೇ, ಗಿಗಾಹರ್ಟ್ಸ್ ನಮಗೆ ಗೊತ್ತಾಯಿತು ಎಂದು ನಿಶ್ಚಿಂತೆಯಿಂದ ಮಲಗಬೇಡಿ. ವೇಷ ಬದಲಾಗುತ್ತಿದೆ. "3 ನ್ಯಾನೋಮೀಟರ್" ಎನ್ನುತ್ತಾರೆ. ಅದು ಇವತ್ತು ಒಂದು ಹೆಸರು, ಚಿಪ್ಪಿನ ಒಳಗೆ ಆ ಅಳತೆಯ ಯಾವ ಭಾಗವನ್ನೂ ಅದು ಸೂಚಿಸುವುದಿಲ್ಲ. 2021ರಲ್ಲಿ ಇಂಟೆಲ್ ತನ್ನ 10 ನ್ಯಾನೋಮೀಟರ್ ತಂತ್ರದ ಸುಧಾರಿತ ರೂಪಕ್ಕೆ "ಇಂಟೆಲ್ 7" ಎಂದು ಮರುನಾಮಕರಣವನ್ನೇ ಮಾಡಿತು! 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಕೃತಕ ಬುದ್ಧಿಯ ಕಂಪ್ಯೂಟರುಗಳಿಗೆ 40 ಟಾಪ್ಸ್ ಬೇಕು ಎಂದಿತು. ಟಾಪ್ಸ್ ಎಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಂಕಿ. ನಾಳೆ ಎಸ್.ಪಿ. ರಸ್ತೆಯಲ್ಲಿ "ಎಷ್ಟು ಟಾಪ್ಸ್?" ಎಂದು ಕೇಳುವವರ ಸಾಲು ನಿಲ್ಲುತ್ತದೆ. ದೇವರು ಬೇರೆ, ಪೂಜಾರಿ ಅದೇ!

ನಮ್ಮೂರಲ್ಲೇ ಹುಟ್ಟುವ ಚಿಪ್, ನಮಗೇ ಗೊತ್ತಿಲ್ಲದ ಗುಟ್ಟು

ಇದೆಲ್ಲ ಅಮೆರಿಕದವರ ಕಥೆ, ನಮಗೇಕೆ ಎನ್ನುತ್ತೀರಾ? 2008ರಲ್ಲಿ ಇಂಟೆಲ್ ತಂದ 6 ಕೋರಿನ ಕ್ಸಿಯಾನ್ 7400 ಚಿಪ್ ವಿನ್ಯಾಸವಾದದ್ದು ಬೆಂಗಳೂರಿನಲ್ಲಿ. ಎಎಂಡಿ 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆದ ಟೆಕ್ನೋಸ್ಟಾರ್ ಕ್ಯಾಂಪಸ್ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರ ಎಂದು ಕಂಪನಿಯೇ ಹೇಳಿತು. ಮಿಡಿತಕ್ಕೆ ಎಷ್ಟು ಕೆಲಸ, ವ್ಯಾಟಿಗೆ ಎಷ್ಟು ಕೆಲಸ ಎಂದು ತಲೆ ಕೆಡಿಸಿಕೊಳ್ಳುವ ಎಂಜಿನಿಯರುಗಳು ನಮ್ಮ ಊರಿನ ರಸ್ತೆಯಲ್ಲೇ ಓಡಾಡುತ್ತಾರೆ. ಅದೇ ಊರಿನ ಅಂಗಡಿಯಲ್ಲಿ ಅದೇ ಚಿಪ್ ಕೊಳ್ಳುವ ಕನ್ನಡದ ಹುಡುಗನಿಗೆ ಸಿಗುವುದು ಇಂಗ್ಲಿಷಿನ ಡಬ್ಬಿ, ದೊಡ್ಡ ಅಂಕಿ, ಒಂದು ಹಲ್ಕಿರಿಯುವ ನಗು. ಕೊಳ್ಳುವವನ ಭಾಷೆಯಲ್ಲಿ ಸತ್ಯ ಬರೆಯದ ಸರಕು ಅವನಿಗೆ ಸುಳ್ಳನ್ನು ಸುಲಭವಾಗಿ ಮಾರುತ್ತದೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಿಯುಸಿ ಓದಿದವನಿಗೆ ಅರ್ಥವಾದದ್ದು ನಿಮಗೆ ಅರ್ಥವಾಗದೇ?

ಇನ್ನು ಅಂಗಡಿಯಲ್ಲಿ ಕೇಳಬೇಕಾದದ್ದು

ಒಂದು. "ನನ್ನ ಕೆಲಸಕ್ಕೆ ಇದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ?" ಡಿಟಿಪಿ ಆದರೆ ಡಿಟಿಪಿ, ವಿಡಿಯೋ ಎಡಿಟಿಂಗ್ ಆದರೆ ಅದು, ಆಟ ಆದರೆ ಆಟ. ಆ ಕೆಲಸದ ಪರೀಕ್ಷೆಯ ಫಲಿತಾಂಶ ನೋಡಿ, ಅದೂ ಕಂಪನಿ ಕೊಟ್ಟದ್ದಲ್ಲ, ಹೊರಗಿನವರು ಮಾಡಿದ್ದು. ಒಂದೇ ಪೀಳಿಗೆಯ, ಒಂದೇ ವಿನ್ಯಾಸದ ಎರಡು ಚಿಪ್ಪುಗಳ ನಡುವೆ ಗಿಗಾಹರ್ಟ್ಸ್ ಹೋಲಿಕೆಗೆ ಅರ್ಥವಿದೆ. ಬೇರೆ ಕಂಪನಿ, ಬೇರೆ ಪೀಳಿಗೆ ಎಂದಾಗ ಅದು ಎತ್ತಿನ ಗಾಡಿಯ ಗಾಲಿಯನ್ನೂ ಸೈಕಲ್ ಗಾಲಿಯನ್ನೂ ಸುತ್ತು ಎಣಿಸಿ ಹೋಲಿಸಿದ ಹಾಗೆ.

ಎರಡು. "ಪೂರ್ತಿ ಕೆಲಸದಲ್ಲಿ ಎಷ್ಟು ವ್ಯಾಟ್ ಎಳೆಯುತ್ತದೆ?" ಮೂಲ ವ್ಯಾಟ್ ಹೇಳಿದರೆ ಒಪ್ಪಬೇಡಿ, ಗರಿಷ್ಠ ಕೇಳಿ. ಎರಡು ಯಂತ್ರಗಳ ನಡುವೆ 100 ವ್ಯಾಟ್ ವ್ಯತ್ಯಾಸ ಇದ್ದು, ದಿನಕ್ಕೆ 10 ಗಂಟೆ ಪೂರ್ತಿ ದುಡಿಸಿದರೆ ದಿನಕ್ಕೆ ಒಂದು ಯೂನಿಟ್, ವರ್ಷಕ್ಕೆ 365 ಯೂನಿಟ್. ನಿಮ್ಮ ಮನೆಯ ಕರೆಂಟ್ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಅದರ ಮೇಲೆ ದೊಡ್ಡ ಫ್ಯಾನು, ದೊಡ್ಡ ಪವರ್ ಸಪ್ಲೈ, ಕರೆಂಟ್ ಹೋದಾಗ ದೊಡ್ಡ ಯುಪಿಎಸ್. ಫ್ರಿಡ್ಜ್ ಕೊಳ್ಳುವಾಗ ನಕ್ಷತ್ರ ಎಣಿಸುವ ನಾವು ಕಂಪ್ಯೂಟರ್ ಕೊಳ್ಳುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುವುದೇಕೆ?

ಮೂರು. "ಆ ಹೆಚ್ಚಿನ ಅಂಕಿಯ ದುಡ್ಡನ್ನು ಬೇರೆಡೆ ಹಾಕಿದರೆ?" ಕನ್ನಡ ಟೈಪು, ಪುಟ ವಿನ್ಯಾಸ, ಓದು, ಲೆಕ್ಕಪತ್ರದ ಕೆಲಸಕ್ಕೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಸಾಕಷ್ಟು ರ್‍ಯಾಮ್ ಹಾಕಿದರೆ ಸಿಗುವ ಲಾಭ ಅರ್ಧ ಗಿಗಾಹರ್ಟ್ಸ್ ಹೆಚ್ಚಿಸಿದರೆ ಸಿಗುವುದಿಲ್ಲ. ಅಂಗಡಿಯವನು ಇದನ್ನು ತಾನಾಗಿ ಹೇಳುವುದಿಲ್ಲ. ನೀವೇ ಬಾಯಿ ಬಿಡಬೇಕು.

ಗೆಳೆಯರೇ, ಇಂಟೆಲ್ ನಮ್ಮ ಮಾವನ ಮನೆಯಲ್ಲ. ಎಎಂಡಿ ನಮ್ಮ ತವರೂ ಅಲ್ಲ. ಆಪಲ್ ಯಾರ ಧರ್ಮಛತ್ರವೂ ಅಲ್ಲ. 1982ರಲ್ಲಿ ಐಬಿಎಂ ಎಂಬ ಒಬ್ಬ ಗಿರಾಕಿ ಖಡಕ್ಕಾಗಿ ಕೇಳಿದ್ದಕ್ಕೆ ಎರಡನೆಯ ತಯಾರಕ ಹುಟ್ಟಿದ. ಬ್ಯಾಟರಿ ಬಾಳಬೇಕು ಎಂದು ಲ್ಯಾಪ್‌ಟಾಪಿನವರು ಕೇಳಿದ್ದಕ್ಕೆ ತಣ್ಣಗಿನ ಚಿಪ್ ಹುಟ್ಟಿತು. ಅಂಕಿ ಮಾತ್ರ ಕೇಳಿದ್ದಕ್ಕೆ ಪೆಂಟಿಯಂ 4 ಹುಟ್ಟಿತು! ನಾವು ಏನು ಕೇಳುತ್ತೇವೋ ಅದನ್ನೇ ಅವರು ಬೇಯಿಸಿ ಬಡಿಸುತ್ತಾರೆ.

ಹಾಗಾಗಿ ಮುಂದಿನ ಸಲ ಅಂಗಡಿಯವನು "5 ಗಿಗಾಹರ್ಟ್ಸ್ ಸಾರ್!" ಎಂದು ಹಲ್ಲು ಬಿಟ್ಟರೆ, ಅಚ್ಚ ಕನ್ನಡದಲ್ಲಿ, ಗಟ್ಟಿ ದನಿಯಲ್ಲಿ ಕೇಳಿ: "ಅದಿರಲಿ, ಒಂದು ಯೂನಿಟ್ ಕರೆಂಟಿಗೆ ಎಷ್ಟು ಕೆಲಸ ಮಾಡುತ್ತದೆ?"

ಅವನು ತಡವರಿಸಿದರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಪಕ್ಕದ ಅಂಗಡಿಗೆ ನಡೆಯಿರಿ!